ಚುಕ್ಕಿ ಓದುತ್ತಿದ್ದ ಮೇಡಂ

ಮೊನ್ನೆ ಚನ್ನರಾಯಪಟ್ಟಣದ ಪುಸ್ತಕದಂಗಡಿಯಲ್ಲಿ ಮಗಳಿಗೆ ಗ್ರಾಫ್ ಹಾಳೆ ಕೊಂಡೆ. ಹಸಿರು ಚೌಕಗಳ ಆ ಹಾಳೆ ಕೈಗೆ ಬಂದದ್ದೇ ತಡ, ಹಾಸನದ ನರ್ಸಿಂಗ್ ಹೋಮೊಂದರಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಲ್ಯಾಬು, ಅಲ್ಲಿನ ಹಿರಿಯ ಟೆಕ್ನಿಷಿಯನ್ ಮೇಡಂ ನೆನಪಾದರು...

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಮೇಡಂ ದಿನಾ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆ ವರ್ಷ ನಮ್ಮ ನರ್ಸಿಂಗ್ ಹೋಮಿಗೆ ತಾನಾಗಿಯೇ ರಕ್ತ ಪರೀಕ್ಷೆ ಮಾಡುವ ಯಂತ್ರ ಬಂತು. ನಮಗೆಲ್ಲ ಸಂಭ್ರಮ. ಮೇಡಂ ಮಾತ್ರ ಅದನ್ನು ದಿನಾ ಪರೀಕ್ಷೆಗೆ ಕೂರಿಸುತ್ತಿದ್ದರು. ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ಸೀರಂ ಹಾಕಿ, ಬಂದ ಉತ್ತರವನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು ಗುರುತಿಸುವರು. ಚುಕ್ಕಿ ಎರಡು ಗೆರೆಗಳ ನಡುವೆ ಬಿದ್ದರೆ ಮಾತ್ರ ರೋಗಿಗಳ ರಕ್ತ ಯಂತ್ರದೊಳಗೆ ಹೋಗುತ್ತಿತ್ತು.

ಒಮ್ಮೆ ಅವರು ತಂಗಿಯ ಮಗಳ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದರು. ಚುಕ್ಕಿಯ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಜನ ಜಾಸ್ತಿ. ಹೊಸ ಯಂತ್ರಕ್ಕೆ ಏನಾದೀತು ಅಂದುಕೊಂಡು, ಸೀರಂ ಹಾಕದೆಯೇ ಅಂದಾಜಿನಲ್ಲಿ ಚುಕ್ಕಿ ಇಟ್ಟೆ. ಮರುದಿನವೂ ಅಷ್ಟೆ... ನಾಲ್ಕೂ ದಿನ.

ಮೇಡಂ ಬಂದವರೇ ಹಾಳೆ ನೋಡಿದರು.

"ಇದೇನೋ ಇಷ್ಟು ನೆಟ್ಟಗಿದೆ? ನಿಜವಾದ ಚುಕ್ಕಿ ಚೂರಾದ್ರೂ ಅಲ್ಲಾಡತ್ತೆ ಕಣಪ್ಪ."

ಸೀರಂ ಹಾಕಿರಲಿಲ್ಲವೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಸೀರಂ ಹಾಕಿದರು. ಸಕ್ಕರೆಯ ಉತ್ತರ ಗೆರೆ ದಾಟಿ ಎಷ್ಟೋ ಮೇಲೆ ಬಂತು. ಆ ಪರೀಕ್ಷೆಗೆ ಬಳಸುವ ರಾಸಾಯನಿಕ ಕೆಟ್ಟುಹೋಗಿತ್ತು.

ಆ ದಿನಗಳಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿದವರಿಗೆಲ್ಲ ಫೋನ್ ಮಾಡಿ ಮತ್ತೆ ಬರಹೇಳಿದೆವು. ಫೋನಿಲ್ಲದೆ ಉಳಿದವಳು ಮೊಸಳೆ ಎಂಬ ಹಳ್ಳಿಯ ಒಬ್ಬ ರೈತ ಹೆಂಗಸು. ನಮ್ಮ ರಿಪೋರ್ಟು ನಂಬಿ ವೈದ್ಯರು ಅವಳಿಗೆ ಮಾತ್ರೆ ಕೊಟ್ಟಿದ್ದರು. ಇಲ್ಲದ ಕಾಯಿಲೆಗೆ ಆ ಮಾತ್ರೆ ನುಂಗಿದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ. ಇಬ್ಬರೂ ಬಸ್ಸಿಗೆ ಓಡಿದೆವು.

ಅವಳು ಜಗಲಿಯ ಮೇಲೆ ಬೆವತು ಕೂತಿದ್ದಳು. "ಎಲ್ಡು ದಿನದಿಂದ ಕೈಕಾಲು ನಡುಗ್ತವೆ, ಕಣ್ ಕತ್ಲೆ ಬತ್ತದೆ ಕಣವ್ವ," ಎಂದಳು. ಮೇಡಂ ಒಳಗಿಂದ ಸಕ್ಕರೆ ತರಿಸಿ, ನೀರಿನಲ್ಲಿ ಕದಡಿ ತಾವೇ ಕುಡಿಸಿದರು. ಸ್ವಲ್ಪ ಸುಧಾರಿಸಿದ ಮೇಲೆ ಆಟೋದಲ್ಲಿ ಹಾಸನಕ್ಕೆ ಕರೆತಂದೆವು.

ವೈದ್ಯರು ಕೆರಳಿದ್ದರು. "ಯಾರ ಕೆಲಸ ಇದು?"

"ಲ್ಯಾಬಿನ ತಪ್ಪು ಸಾರ್. ಲ್ಯಾಬು ನನ್ನದು," ಎಂದರು ಮೇಡಂ. ನಾನು ನೆಲ ನೋಡುತ್ತ ನಿಂತಿದ್ದೆ.

ಅವಳನ್ನು ಎರಡು ದಿನ ನರ್ಸಿಂಗ್ ಹೋಮಿನಲ್ಲೇ ಇರಿಸಿಕೊಂಡು, ಮಾತ್ರೆಯ ಪ್ರಭಾವ ಇಳಿದ ಮೇಲೆ ಯಂತ್ರದಲ್ಲೂ ಕೈಯಲ್ಲೂ ಪರೀಕ್ಷಿಸಿದೆವು. ಸಕ್ಕರೆ ಕಾಯಿಲೆಯ ಸುಳಿವೇ ಇರಲಿಲ್ಲ.

"ಅಂಗಾದ್ರೆ ಕಾಪಿಗೆ ಬೆಲ್ಲ ಆಕ್ಕೋಬೋದಾ?"

"ಒಂದು ಚೂರು ಜಾಸ್ತೀನೇ ಹಾಕ್ಕೊಳ್ಳಮ್ಮ," ಎಂದು ಮೇಡಂ ನಕ್ಕರು. ಅವಳೂ ನಕ್ಕಳು.

ಮಾರನೆಯ ಬೆಳಿಗ್ಗೆ ಅವರು ಚುಕ್ಕಿಯಿಡುವ ಪೆನ್ನನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಆಮೇಲೆ ಆರು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದೆ. ನೆಮ್ಮದಿಯ ವರ್ಷಗಳು ಅವು...

ಈಗ ಇಲ್ಲಿ ಚನ್ನರಾಯಪಟ್ಟಣದಲ್ಲಿ ನನ್ನದೇ ಪುಟ್ಟ ಲ್ಯಾಬಿದೆ. ಹೊಸಬರು ಸೇರಿದ ದಿನ ಮೊಸಳೆಯ ಹೆಂಗಸಿನ ವಿಷಯ ಹೇಳುತ್ತೇನೆ, ತಪ್ಪು ನನ್ನದೆಂದು ಸೇರಿಸಿಯೇ. ವೈದ್ಯರೆದುರು ಅಂದೇ ಆಡಬೇಕಿದ್ದ ಮಾತದು. ಹೋದ ವರ್ಷ ಮೇಡಂ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಅವರ ಕಿವಿಗೆ ಬೀಳುವಂತೆ, ನಾಲ್ಕು ಜನರೆದುರು ಒಮ್ಮೆಯಾದರೂ ಅದನ್ನು ಹೇಳಬೇಕಿತ್ತು.