ಪೆದ್ದಮ್ಮ ಹೇಳಿದ ಒಂದೇ ಸುಳ್ಳು

ನಮ್ಮ ತಾಯಿಯ ಅಕ್ಕನನ್ನು ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲೆಲ್ಲ ಪೆದ್ದಮ್ಮ, ಅಂದರೆ ತೆಲುಗಿನಲ್ಲಿ ದೊಡ್ಡಮ್ಮ, ಅಂತಲೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಸಿಡುಬು ಬಂದು ಬದುಕಿದವಳು, ಮುಖದ ತುಂಬ ಕಲೆ. ಸಿಡುಬನ್ನು ಆಗ ಹೆಸರು ಹಿಡಿದು ಅನ್ನುತ್ತಿರಲಿಲ್ಲ, ಅಮ್ಮ ಬಂದವಳೆ ಅನ್ನುವುದು. ಯಾರ ಮನೆಗೆ ಅಮ್ಮ ಬಂದರೂ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಒಳಗೆ ಕೂರಲು ಪೆದ್ದಮ್ಮನೇ ಬೇಕು. ಅವಳು ಹೇಳಿದ ಮೇಲೆ ಒಳಗೆ ಹೋಗಿ ನೋಡುವ ಗಂಡಸು ಹುಟ್ಟಿರಲಿಲ್ಲ. ಆ ನಂಬಿಕೆಯನ್ನು ಅವಳು ಒಂದೇ ಒಂದು ಸಲ ಸುಳ್ಳಿಗೆ ಬಳಸಿದಳು. ಅವಳನ್ನು ಬೈಯುವವರು ಇವತ್ತಿಗೂ ಇದ್ದಾರೆ. ಬೈಯಲಿ, ಪೂರ್ತಿ ಕೇಳಿ ಬೈಯಲಿ.

ಪೆದ್ದಮ್ಮನ ಅಣ್ಣ, ನಮ್ಮ ಮಾವ ಕೋದಂಡಪ್ಪನ ಮಗಳು ವೆಂಕಟರತ್ನಮ್ಮ. ತಾಯಿಯಿಲ್ಲದ ಹುಡುಗಿ, ಪೆದ್ದಮ್ಮನೇ ಸಾಕಿದ್ದಳು. ದಿನಾ ರೈಲು ಹತ್ತಿ ಊರಿಗಾಮಿನ ಚಿನ್ನದ ಗಣಿಯ ಕೂಲಿಲೈನುಗಳಿಗೆ ಮೊಸರು ಮಾರಲು ಹೋಗುವಳು. ಅಲ್ಲಿ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದ ಕುಪ್ಪುಸ್ವಾಮಿ ಇದ್ದ.

"ಮೊಸರು ಉಳಿ ಐತೆ," ಅನ್ನುವನು.

"ಉಳಿಯಾದ್ರೆ ನಾಳೆ ಬರಬೇಡ."

ಮಾರನೇ ದಿನ ಎರಡು ಲೋಟ ಹಾಕಿಸಿಕೊಳ್ಳುವನು.

ಅವನ ಸೋದರಮಾವ ಚಿತ್ತೂರಿನಿಂದ ಬಂದು ಹೆಣ್ಣು ಕೇಳಲು ಇನ್ನೂ ಹತ್ತು ದಿನ ಇತ್ತು. ಅಷ್ಟರಲ್ಲಿ ಕೋದಂಡಪ್ಪ, ಶುಕ್ರವಾರ ದೊಡ್ಡವೆಂಕಟಪ್ಪನ ಕಡೆಯವರು ಹೆಣ್ಣು ನೋಡಲು ಬರುತ್ತಾರೆ, ಅವತ್ತೇ ತಾಂಬೂಲ ಅಂದುಬಿಟ್ಟ. ಗಂಡಿನಲ್ಲಿ ಕೊರತೆಯೇನಿರಲಿಲ್ಲ. ಹುಡುಗಿ ಮಾತ್ರ ಊಟ ಬಿಟ್ಟಳು.

"ಅಮ್ಮ ಬಂದವಳೆ ಅಂತ ಅನ್ನೊಂದು ದಿನ ಮಲಕ್ಕೊ ಕಣಮ್ಮಿ," ಅಂದಳು ಪೆದ್ದಮ್ಮ. "ಅಮ್ಮ ಇರೋ ಮನೆಗೆ ಎಣ್ಣು ನೋಡಕ್ಕೆ ಯಾವನೂ ಬರಲ್ಲ."

"ಅಮ್ಮನ ಎಸರಲ್ಲಿ ಸುಳ್ಳಾ ಅತ್ತೆ?"

"ನನ್ ಮುಖ ತಿಂದವ್ಳೆ ಅವಳು. ಇದೊಂದು ಸುಳ್ಳು ತಡ್ಕೊತಾಳೆ ಬಿಡು."

ಗಂಡಿನ ಕಡೆಯವರು ಊರ ಬಾವಿಯ ಹತ್ತಿರದಿಂದಲೇ ಗಾಡಿ ತಿರುಗಿಸಿದರು. ಕೋದಂಡಪ್ಪ ಜಗಲಿಗೆ ಹಾಸಿಗೆ ಹಾಕಿಕೊಂಡ. ಒಳಗೆ ಕತ್ತಲು, ಅರಿಶಿನದ ವಾಸನೆ. ಹೆಂಚಿನ ಸಂದಿಯಿಂದ ಒಂದು ಬಿಸಿಲು ಕೋಲು ಇಳಿದು ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಮೆಲ್ಲಗೆ ಸರಿಯುವುದು. ದೂರದಲ್ಲಿ ಊರಿಗಾಮಿನ ಕಡೆ ಹೋಗುವ ಮಾರಿಕುಪ್ಪಂ ರೈಲು ಕೂಗಿದರೆ ಹುಡುಗಿ ನಿದ್ದೆಯಲ್ಲೇ ನಗುವಳು.

ಕುಪ್ಪುಸ್ವಾಮಿಗೆ ಒಂದು ಮಾತು ಹೇಳಿ ಕಳಿಸಬೇಕಿತ್ತು. ಮೊಸರಿನ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ, ಅಣ್ಣನ ಕಿವಿಗೆ ಬೀಳುತ್ತೆ ಅಂತ ಪೆದ್ದಮ್ಮ ಕಳಿಸಲಿಲ್ಲ. ಆ ಹೆಂಗಸರು ಗುಟ್ಟಿನ ಬದಲು ಸುಳ್ಳನ್ನೇ ಹೊತ್ತುಕೊಂಡು ಹೋದರು.

ಐದನೇ ದಿನ ಮೊಸರಿನ ಕನಕಮ್ಮ ಬೀದಿಯಲ್ಲೇ ನಿಂತು, ದನಿ ತಗ್ಗಿಸಿ ಹೇಳಿದಳು. "ಪೆದ್ದಮ್ಮ, ಆ ಕುಪ್ಪುಸ್ವಾಮಿ ಓಗ್ಬಿಟ್ಟ ಕಣೆ. ನಿಮ್ ಉಡುಗಿ ಎದ್ದು ಕೂರೋಗಂಟ ಅನ್ನ ಮುಟ್ಟಲ್ಲ ಅಂತ ಮಾರಿಯಮ್ಮನಿಗೆ ಅರಕೆ ಒತ್ತಿದ್ನಂತೆ. ಬರೀ ನೀರು ಕುಡ್ಕೊಂಡು ಆ ಗಣಿ ಕಾವಿನಾಗೆ ಇಳೀತಿದ್ದ. ನೆನ್ನೆ ತಲೆ ಸುತ್ತಿ ಏಣಿ ಮೇಲಿಂದ ಬಿದ್ದ."

ಅಮ್ಮ ಇರುವ ಮನೆಯಲ್ಲಿ ಅಳಬಾರದು, ಸಾವಿನ ಸುದ್ದಿ ಒಳಗೆ ತರಬಾರದು. ಎಷ್ಟು ಮನೆಗಳಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದಳೋ ಪೆದ್ದಮ್ಮ. ಈ ಮನೆಯಲ್ಲಿ ಅಮ್ಮ ಇಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಾಲಿಗೆ ಏಳಲಿಲ್ಲ. ಹುಡುಗಿ ಅಂಗಾತ ಮಲಗಿ ನೆಲವನ್ನು ಅಂಗೈಯಲ್ಲಿ ಸವರುತ್ತ, "ಅತ್ತೆ, ಆ ಗಣಿ ಸುರಂಗ ಇಲ್ಲಿಗಂಟ ಬಂದಿರಬೋದಾ? ಈಗ ನಮ್ ಚಾಪೆ ಕೆಳಗೇ ನಡೀತಾವ್ನೆ ಅನ್ನಿಸ್ತದೆ," ಅನ್ನುವಳು.

"ಇರಬೋದು ಮಲಕ್ಕೊ," ಅನ್ನುವಳು ಪೆದ್ದಮ್ಮ.

ಆರು ದಿನ ಹೀಗೇ. ಹನ್ನೊಂದನೇ ದಿನ ತಲೆಗೆ ನೀರು ಹಾಕಿ, ಕೂದಲು ಒರೆಸುತ್ತ ಹೇಳಿದಳು. ಹುಡುಗಿ ಸೀರೆ ಉಟ್ಟು ಸ್ಟೇಷನ್ನಿಗೆ ನಡೆದಳು, ಪೆದ್ದಮ್ಮ ಹಿಂದೆ.

ಊರಿಗಾಮಿನ ಲೈನಿನಲ್ಲಿ ಅವನ ತಾಯಿ ಹುಡುಗಿಯ ಮುಖವನ್ನು ಬೆಳಕಿಗೆ ಎತ್ತಿ ಹಿಡಿದು, ಎರಡೂ ಕೆನ್ನೆ ಸವರಿದಳು.

"ಒಂದು ಕಲೆ ಇಲ್ಲ, ನನ್ ಕಣ್ಣೇ. ನನ್ ಮಗ ಕೇಳಿದ್ದನ್ನ ಅಮ್ಮ ಕೊಟ್ಟಳು."

ಪೆದ್ದಮ್ಮ ಬಾಯಿ ತೆರೆದಳು. ಹುಡುಗಿ ಅವಳ ಮಣಿಕಟ್ಟು ಹಿಡಿದು ಅದುಮಿದಳು.

"ಔದಮ್ಮ, ಅವರ ಅರಕೆನೇ ನನ್ನ ಉಳಿಸಿದ್ದು," ಅಂದು ಆ ತಾಯಿಯ ಪಕ್ಕ ಕೂತಳು. ಅವತ್ತೂ ಏಳಲಿಲ್ಲ, ಆಮೇಲೂ ಏಳಲಿಲ್ಲ. ಆ ಮನೆಯಲ್ಲೇ ಮಗಳಾಗಿ ಉಳಿದಳು.

ಸಂಜೆಯ ರೈಲಿಗೆ ಪೆದ್ದಮ್ಮ ಒಬ್ಬಳೇ ಹತ್ತಿದಳು.