ಅಂಗೈ ನೆಲಕ್ಕೊತ್ತಿದ ಪೈಲ್ವಾನ

ಅವನ ಎಡಗಿವಿ ಎಣ್ಣೆಯಲ್ಲಿ ಬಾಯಿ ಬಿಟ್ಟ ಕರ್ಚಿಕಾಯಿಯ ಹಾಗಿತ್ತು. ಅಂಚು ಒಳಗೆ ಮಡಚಿ, ನಡುವೆ ಗಟ್ಟಿಯಾಗಿ ಉಬ್ಬಿ, ಅದು ಕಿವಿಯೋ ಮಾಂಸದ ಗಂಟೋ ತಿಳಿಯುತ್ತಿರಲಿಲ್ಲ. ಅಮೆರಿಕದ ಕೆನ್ಮೋರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಮೊದಲ ಸಲ ಅವನನ್ನು ಕಂಡವರೆಲ್ಲ ಬುಟ್ಟಿ ಎತ್ತಿಕೊಂಡು ಹೊರಗೆ ನಡೆಯುತ್ತಿದ್ದರು. ನನಗೆ ಮಾತ್ರ ಹೆದರಿಕೆ ಆಗಲಿಲ್ಲ. ನಮ್ಮಪ್ಪನ ಕಿವಿಯೂ ಹಾಗೇ ಇತ್ತು. ಬಾಗಲಕೋಟೆ ಕಡೆಯ ನಮ್ಮೂರಲ್ಲಿ ಅಪ್ಪ ಗರಡಿಮನೆ ನಡೆಸುತ್ತಿದ್ದ. ನಾನು ನನ್ನ ಕಿವಿ ಹಿಡಿದು ತೋರಿಸಿ, "ಪೈಲ್ವಾನ?" ಅಂದೆ. ಅವನು ಎರಡೂ ಮುಷ್ಟಿ ಮುಖದ ಮುಂದೆ ಎತ್ತಿ ನಕ್ಕ.

ಅಂದಿನಿಂದ ಅವನು ನನಗೆ ಪೈಲ್ವಾನ, ನಾನು ಅವನಿಗೆ ಅವ್ವ.

ನಿನ್ನೆ ನನ್ನ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಬಾಕ್ಸಿಂಗ್ ಗೆದ್ದು ಬಂದಿದ್ದಾಳೆ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕುಂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಎದ್ದವಳೇ ಶಿರಾ ಮಾಡಿ ಮೇಲಿನ ಮನೆ, ಕೆಳಗಿನ ಮನೆ, ಟಪಾಲು ಹಂಚುವವಳು, ಎಲ್ಲರಿಗೂ ಕೊಟ್ಟೆ. ಪೈಲ್ವಾನ ಇದ್ದ ಮೂಲೆಮನೆಯ ಬಾಗಿಲ ತನಕ ಹೋಗಿ ಹಿಂದೆ ಬಂದೆ. ಅಲ್ಲಿ ಈಗ ಬೇರೆಯವರಿದ್ದಾರೆ. ನಾನು ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಬರೆಯುವುದೇ ಕಷ್ಟ. ಆದರೂ ಆ ಬಾಗಿಲ ಸಲುವಾಗಿ ಬರೆಯಲು ಕೂತಿದ್ದೇನೆ.

ಅವನು ಈಜಿಪ್ಟಿನವನು, ಸಮುದ್ರದ ದಂಡೆಯ ಊರು. ಹಗಲು ನಾರ್ತ್ ಕ್ರೀಕಿನ ಜಿಮ್ಮಿನಲ್ಲಿ ಆಫೀಸಿನವರಿಗೆ ಚೀಲ ಗುದ್ದುವುದನ್ನು ಕಲಿಸುತ್ತಿದ್ದ. ಸಂಜೆ ಕೈಗೆ ಸುತ್ತುವ ಪಟ್ಟಿಗಳನ್ನು ತೊಳೆದು ಬಾಲ್ಕನಿಯ ಕಂಬಿಗೆ ಹರವಿ, ಒಣಗಿದ ಮೇಲೆ ಸುಕ್ಕಿಲ್ಲದಂತೆ ಸುರುಳಿ ಸುತ್ತುತ್ತಿದ್ದ. ಚಹಕ್ಕೆ ಸಕ್ಕರೆ ಹಾಕುವುದಲ್ಲ, ಸಕ್ಕರೆಗೆ ಚಹ ಹಾಕುತ್ತಿದ್ದ. ನನಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಕುರ್ಚಿ, ಸಾಬೂನು, ಹಿಸಾಬು, ಇಂಥ ನಾಲ್ಕು ಮಾತು ಇಬ್ಬರಿಗೂ ಒಂದೇ ಎಂದು ಗೊತ್ತಾಗಿ ಮಕ್ಕಳ ಹಾಗೆ ನಕ್ಕಿದ್ದೆವು. ಉಳಿದದ್ದನ್ನು ಮೊಮ್ಮಗಳು ತನ್ನ ಅರೆಬರೆ ಕನ್ನಡದಲ್ಲಿ ದಾಟಿಸುತ್ತಿದ್ದಳು. ಅವನ ಮಾತನ್ನು ನಾನು ನನ್ನ ಮಾತಿನಲ್ಲೇ ಬರೆಯುತ್ತೇನೆ.

ಅವನ ರಂಜಾನ್ ರೋಜಾದ ತಿಂಗಳಲ್ಲಿ ನನ್ನದೊಂದು ಏಕಾದಶಿ ಬಂತು. ಸಾಬೂದಾನಿ ಖಿಚಡಿ, ಶೇಂಗಾದುಂಡೆ, ಬಾಳೆಹಣ್ಣು ತಿನ್ನುತ್ತ ಕೂತಿದ್ದೆ. ಅವನು ತಾಟು ನೋಡಿದ, ನನ್ನ ಮುಖ ನೋಡಿದ.

"ಅವ್ವ, ಇದು ಉಪಾಸಾನೋ ಮದುವಿ ಊಟಾನೋ?"

"ಸುಮ್ಮನಿರೋ, ಹೊತ್ತು ಮುಳುಗಿದ ಮ್ಯಾಲೆ ನೀ ತಿನ್ನೋದು ನೋಡೇನಿ. ಮೂರು ಮಂದೀದು ಒಬ್ಬನ ತಿಂತಿ," ಅಂದೆ.

ಇಂಥವನಿಗೆ ಪೇಪರಿನವರು ಇಟ್ಟ ಹೆಸರು ಮೃಗ. ಹಿಂದೆ ಬೇರೆ ಊರಿನ ಒಂದು ಪಂದ್ಯದಲ್ಲಿ, ಸುತ್ತು ಮುಗಿದ ಗಂಟೆ ಹೊಡೆದ ಮೇಲೂ ಇವನು ಒಂದು ಗುದ್ದು ಹೊಡೆದಿದ್ದ. ಆ ಹುಡುಗ ಬಿದ್ದವನು ಎದ್ದ, ಆದರೆ ಮಾತು ತೊದಲಾಯಿತು. ಗಂಟೆ ಕೇಳಿಸಲಿಲ್ಲ ಅಂದ ಇವನು. ಯಾರೂ ನಂಬಲಿಲ್ಲ. ಲೈಸೆನ್ಸ್ ಕಿತ್ತುಕೊಂಡು ಕೆಲ ಕಾಲದ ಮೇಲೆ ಮರಳಿ ಕೊಟ್ಟರು. ಅಷ್ಟರಲ್ಲಿ ನ್ಯೂಯಾರ್ಕಿನ ಆ ಎರಡು ಕಟ್ಟಡ ಬಿದ್ದಿದ್ದವು. ಅರಬರೆಂದರೆ ಜನ ಹಲ್ಲು ಕಡಿಯುವ ಕಾಲ. ಪಂದ್ಯ ನಡೆಸುವವನು ಇವನಿಗೆ ಉದ್ದ ನಿಲುವಂಗಿ ತೊಡಿಸಿ, ಸುಳ್ಳು ಗಡ್ಡ ಅಂಟಿಸಿ ಒಳಗೆ ಕರೆತರುತ್ತಿದ್ದನಂತೆ.

"ಯಾಕ ಹಾಕ್ಕೋತೀಯಪಾ ಅಂಥಾ ವೇಷ?" ಅಂತ ಕೇಳಿದೆ.

"ಜನ ಬಯ್ಯಾಕಂತನ ಟಿಕೀಟು ತಗೋತಾರ ಅವ್ವ. ಬೈಸಿಕೊಳ್ಳಾಕ ಒಬ್ಬ ಬೇಕಲ್ಲ."

ನನ್ನ ಮಗಳಿಗೆ ಇದನ್ನೆಲ್ಲ ಕಂಡರೆ ಸಿಟ್ಟು. ಮೊಮ್ಮಗಳಿಗೆ ಆಗ ಹನ್ನೆರಡರ ವಯಸ್ಸು. ಶಾಲೆಯ ಬಸ್ಸಿನಲ್ಲಿ ಹುಡುಗರು ಜಡೆ ಎಳೆದು ಅಳಿಸುತ್ತಿದ್ದರೆಂದು ಪೈಲ್ವಾನ ಕಾರು ನಿಲ್ಲಿಸುವ ಜಾಗದಲ್ಲಿ ಅವಳಿಗೆ ಪಾಠ ಶುರು ಮಾಡಿದ್ದ. ತಿಂಗಳುಗಟ್ಟಲೆ ಬರೀ ನಿಲ್ಲುವುದು, ಹಿಂದೆ ಸರಿಯುವುದು. "ಹೊಡೆಯೋದು ಯಾವಾಗ?" ಎಂದು ಅವಳು ಕಾಲು ಬಡಿದರೆ, "ಕೈ ಬೀಸೋದು ಎಲ್ಲಾರಿಗೂ ಬರ್ತೈತಿ. ಕೈ ತಡಿಯೋದು ಮೊದಲ ಕಲಿ," ಅನ್ನುತ್ತಿದ್ದ.

"ಅಮ್ಮ, ಅವನ ಬಗ್ಗೆ ಇಂಟರ್ನೆಟ್‌ನಲ್ಲಿ ಓದಿದೀನಿ. ಒಬ್ಬನ ಲೈಫ್ ಸ್ಪಾಯಿಲ್ ಮಾಡಿದಾನೆ. ಇವಳನ್ನ ಅವನ ಹತ್ರ ಬಿಡ್ಬೇಡ," ಅಂದಳು ಮಗಳು.

"ನೀ ಓದೀದಿ, ನಾ ನೋಡೇನಿ," ಅಂದೆ. ಪಾಠ ನಿಲ್ಲಲಿಲ್ಲ.

ಒಂದು ಸಲ ಅಪ್ಪನ ಗರಡಿಯ ಮಾತು ಬಂತು. ನಮ್ಮಲ್ಲಿ ಕುಸ್ತಿ ನಡೆದಾಗ ಜೋಡಿಯವನಿಗೆ ಜೋರು ಪೆಟ್ಟಾದರೆ, ಗೆಲ್ಲುತ್ತಿದ್ದವನು ಪಟ್ಟು ಬಿಟ್ಟು, ಮಂಡಿಯೂರಿ ಅಂಗೈಯನ್ನು ಕೆಮ್ಮಣ್ಣಿಗೆ ಒತ್ತುತ್ತಿದ್ದ. ಇಲ್ಲಿಗೆ ಸಾಕು ಎಂದು ಅದರ ಅರ್ಥ. ಹಿರಿಯರು ಕುಸ್ತಿ ಬಿಡಿಸಿ ಸಮಜೋಡಿ ಎಂದು ಕೂಗಿ ಇಬ್ಬರ ತಲೆಗೂ ಗೌರವದ ರುಮಾಲು ಸುತ್ತುತ್ತಿದ್ದರು. ಇದನ್ನು ಹೇಳಿದಾಗ ಪೈಲ್ವಾನ ಚಹದ ಕಪ್ಪು ಕೆಳಗಿಟ್ಟ.

"ಇಬ್ಬರಿಗೂ?"

"ಹೌದಪಾ, ಇಬ್ಬರಿಗೂ."



ಮರುವರ್ಷ ಅವನಿಗೊಂದು ದೊಡ್ಡ ಪಂದ್ಯ ಸಿಕ್ಕಿತು. ಗೆದ್ದರೆ ಟಿವಿಯಲ್ಲಿ ಬರುವ ಪಂದ್ಯಗಳಿಗೆ ದಾರಿ, ಮೃಗ ಎಂಬ ಹೆಸರು ಅಳಿಸಲು ಅದೊಂದೇ ದಾರಿ. ಹೆದ್ದಾರಿ ಬದಿಯ ಕ್ಯಾಸಿನೊದ ಹಾಲಿನಲ್ಲಿ ಪಂದ್ಯ. ಅಳಿಯ ಹುರುಪಿನಿಂದ ನಮ್ಮನ್ನೆಲ್ಲ ಕರೆದೊಯ್ದ. ವೇಷ ತೊಡುವುದಿಲ್ಲ ಎಂದು ಹಟ ಹಿಡಿದು ಪೈಲ್ವಾನ ಬರಿಮೈಯಲ್ಲಿ ಬಂದ. ಆದರೂ ಜನ ಬೈದರು. ಎದುರಿಗೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಕೆಲ ಸುತ್ತುಗಳಲ್ಲೇ ಆ ಹುಡುಗನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಕುರುಡನ ಹಾಗೆ ಗಾಳಿಯಲ್ಲಿ ಕೈ ಬೀಸುತ್ತಿದ್ದ. ಪೈಲ್ವಾನ ಹಿಂದೆ ಸರಿದು ಪಂಚನಿಗೆ, ರೆಫರಿ ಅನ್ನುತ್ತಾರಲ್ಲ, ಅವನಿಗೆ ಹುಡುಗನ ಮುಖ ತೋರಿಸಿದ. ಹೊಡೆ, ಹೊಡೆ ಎಂದು ರೆಫರಿ ಕೈ ಆಡಿಸಿದ. ಮತ್ತೆ ತೋರಿಸಿದ. ಮತ್ತೆ ಅದೇ.

ಆಗ ಪೈಲ್ವಾನ ಮಂಡಿಯೂರಿ ತನ್ನ ಗ್ಲೌಸನ್ನು ನೆಲಕ್ಕೆ ಒತ್ತಿದ.

ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಇಡೀ ಹಾಲಿನಲ್ಲಿ ನನ್ನದೊಂದೇ ಚಪ್ಪಾಳೆ. ಬಾಕ್ಸಿಂಗಿನಲ್ಲಿ ಕೈ ನೆಲ ಮುಟ್ಟಿದರೆ ಬಿದ್ದ ಲೆಕ್ಕವಂತೆ. ರೆಫರಿ ಬೆರಳು ಮಡಚಿ ಎಣಿಸತೊಡಗಿದ. ಪೈಲ್ವಾನ ಆ ಹುಡುಗನ ಹುಬ್ಬು ನೋಡುತ್ತ ಹಾಗೇ ಇದ್ದ. ಎಣಿಕೆ ಹತ್ತಕ್ಕೆ ಮುಟ್ಟಿತು. ರಕ್ತ ಸುರಿಸುತ್ತಿದ್ದ ಹುಡುಗನ ಕೈ ಎತ್ತಿ ಗೆದ್ದ ಅಂದರು. ಬಿಯರಿನ ಕಪ್ಪುಗಳು ಪೈಲ್ವಾನನ ಬೆನ್ನಿಗೆ ಬಿದ್ದವು.

"ಫಿಕ್ಸಿಂಗ್ ಅತ್ತೆ ಇದು! ಒಂದೇಟೂ ಬೀಳ್ದೆ ಯಾರಾದ್ರೂ ಸೋಲ್ತಾರಾ? ಮಾರ್ಕೊಂಡ್ಬಿಟ್ಟ," ಅಂದ ಅಳಿಯ. ಎಲ್ಲರ ಬಾಯಲ್ಲೂ ಅದೇ. ಹೊಡೆದಾಗ ಮೃಗ ಅಂದವರು, ಕೈ ತಡೆದಾಗ ಕಳ್ಳ ಅಂದರು.

ಲೈಸೆನ್ಸ್ ಕೊಡುವವರು ಅವನನ್ನು ವಿಚಾರಣೆಗೆ ಕರೆದರು. ನಾನು ಸಾಕ್ಷಿ ಹೇಳುತ್ತೇನೆ ಅಂದೆ. "ಅಮ್ಮ, ಅಲ್ಲಿ ಹೋಗಿ ಗರಡಿಮನೆ ಕಥೆ ಹೇಳ್ತೀಯಾ? ನಗ್ತಾರೆ," ಅಂದಳು ಮಗಳು. ನಾನು ಇಳಕಲ್ ಸೀರೆ ಉಟ್ಟು, ಮೇಲೆ ಅಳಿಯನ ಜಾಕೀಟು ಹಾಕಿ, ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಮೇಜಿನ ಹಿಂದೆ ಕೋಟಿನವರು ಕೂತಿದ್ದರು. "ನಮ್ಮೂರಾಗ ಹಿಂಗ ಮಾಡಿದವಗ ರುಮಾಲು ಸುತ್ತತಾರ್ರಿ. ಇವ ಸೋಲು ಮಾರಿಲ್ಲ," ಅಂದೆ. ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವರಲ್ಲೊಬ್ಬ, "ನಿಮ್ಮ ಊರು ಈಜಿಪ್ಟಿನಲ್ಲಿದೆಯೇ?" ಎಂದು ಕೇಳಿದ. ಅಲ್ಲ ಅಂದೆವು. ಸಣ್ಣಗೆ ನಕ್ಕು, ಕುಡಿಯಲು ನೀರು ಕೊಟ್ಟು, ಥ್ಯಾಂಕ್ಯೂ ಅಂದರು.  ಅವನ ಲೈಸೆನ್ಸ್ ಹೋಯಿತು, ಈ ಸಲ ಕಾಯಂ. ಜಿಮ್ಮಿನವರೂ ನಾಳೆಯಿಂದ ಬರಬೇಡ ಅಂದರು.

ಊರಿಗೆ ಹೊರಟ ಮುಂಜಾನೆ ಅವನು ನಮ್ಮಲ್ಲಿ ಜೋಳದ ರೊಟ್ಟಿ ತಿಂದ.  "ನಮ್ಮಪ್ಪನ ಕಥಿ ಹೇಳಿ ನಿನ್ನ ಬಾಳೇವು ಕೆಡಿಸಿದ್ನೇನಪಾ?" ಅಂದೆ. ಅವನು ತಲೆಯಾಡಿಸಿ ಬಹಳ ಹೊತ್ತು ಏನೋ ಹೇಳಿದ. ಮೊಮ್ಮಗಳು ಅದನ್ನು ದಾಟಿಸದೆ ರೊಟ್ಟಿ ಮುರಿಯತೊಡಗಿದಳು. ಏನಂದ, ಹೇಳು ಅಂದೆ.

"ಅಜ್ಜಿ... ಹಿ ಹರ್ಡ್ ಇಟ್. ಆ ಹಳೇ ಫೈಟಲ್ಲಿ ಬೆಲ್ ಹೊಡ್ದಿದ್ದು ಕೇಳ್ಸಿತ್ತಂತೆ. ಆದ್ರೂ ಹೊಡ್ದನಂತೆ." ಅವಳ ದನಿ ಸಣ್ಣದಾಗಿತ್ತು. "ಅದಕ್ಕೇ ಈ ಸಲ ಕೈ ಏಳ್ಲಿಲ್ವಂತೆ. ನಿನ್ ಸ್ಟೋರಿ ಇಂದ ಅಲ್ವಂತೆ."

ಪೈಲ್ವಾನ ನನ್ನ ಕಡೆ ನೋಡಿ ಇನ್ನೊಂದು ಮಾತು ಅಂದ. "ಸೋಲ್ತೇನಿ ಅಂತ ಗೊತ್ತಿತ್ತು ಅವ್ವ. ಕಳ್ಳ ಅಂತಾರ ಅಂತ ಗೊತ್ತಿರಲಿಲ್ಲ."

ಹೋದ ವರ್ಷ ಅವನ ತಂಗಿ ಮೊಮ್ಮಗಳಿಗೆ ಫೋನು ಮಾಡಿದ್ದಳು. ತಲೆಗೆ ಬಿದ್ದ ಪೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಬಂದವಂತೆ. ಕೊನೆಗೆ ಅವನ ಮಾತೂ ತೊದಲುತ್ತಿತ್ತಂತೆ. ಇಷ್ಟು ಬೇಗ ಹೋಗುವ ವಯಸ್ಸಲ್ಲ ಅವನದು.

ಈಗ ನಿನ್ನೆಯ ಮಾತು. ಎರಡನೆಯ ಸುತ್ತಿನಲ್ಲಿ ಎದುರಿನ ಹುಡುಗಿಯ ಮೂಗಿನಿಂದ ರಕ್ತ ಬಂತು. ನನ್ನ ಮೊಮ್ಮಗಳು ಹಿಂದೆ ಸರಿದು ರೆಫರಿಗೆ ಕೈ ತೋರಿಸಿದಳು. ಈ ರೆಫರಿ ನೋಡಿದ, ಪಂದ್ಯ ನಿಲ್ಲಿಸಿದ, ಇವಳ ಕೈ ಎತ್ತಿದ. ಆಮೇಲೆ ಅವಳು ಮಂಡಿಯೂರಿ ಗ್ಲೌಸನ್ನು ನೆಲಕ್ಕೆ ಒತ್ತಿದಳು. ಅದೇನೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಎಲ್ಲ ಎದ್ದು ಚಪ್ಪಾಳೆ ತಟ್ಟಿದರು. ಮಗಳು ಅತ್ತಳು. ಖುಷಿಗೆ ನನ್ನ ಎದೆ ಒಡೆಯುವಂತಿತ್ತು. ಅದರೊಳಗೇ ಅಷ್ಟೇ ದೊಡ್ಡ ಮುಳ್ಳು.

ಮಳೆಯಲ್ಲಿ ಮರಳಿ ಬರುವಾಗ ಕಾರಿನಲ್ಲಿ ಅಳಿಯನಿಗೆ ಮಾತು ನಿಲ್ಲುತ್ತಿರಲಿಲ್ಲ. "ಏನ್ ಸ್ಪೋರ್ಟ್ಸ್‌ಮನ್‌ಶಿಪ್ ಅಲ್ವಾ! ಕೋಚೇ ಹೇಳಿದ್ರು, ಇಂಥದ್ದು ನೋಡೇ ಇಲ್ಲ ಅಂತ. ನಮ್ಮನೆ ಸಂಸ್ಕಾರ ಅದು."

ಅಪ್ಪ ಅಮ್ಮನಿಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ನಮ್ಮನೇದಲ್ಲ ಅಪ್ಪ. ಮೂಲೆಮನೇದು."

 ಅಳಿಯ ವೈಪರ್ ಜೋರು ಮಾಡಿದ. ನಾನು ಅವಳ ಕೈ ಹಿಡಿದುಕೊಂಡೆ. ಗೆಣ್ಣುಗಳು ಬಾತುಕೊಂಡು ಬಿಸಿಯಾಗಿದ್ದವು.