ಅತ್ತೆ ಓದಿದ ಟೆಕ್ಸಸ್ ಆಕಾಶ

ಪಕ್ಕದ ಮನೆಯ ಲಿಂಡಾ ಆಂಟಿ ಬೇಲಿಯ ಮೇಲಿಂದ ಕೈ ಚಾಚಿ ಅಂಗೈ ಬಿಡಿಸಿದರು. ನೋಡಿದರೆ ಕಂಬಳಿಹುಳು. ನನಗೆ ನಿಂತಲ್ಲೇ ಮೈಯೆಲ್ಲ ತುರಿಕೆ ಶುರುವಾಯಿತು, ನನ್ನ ಅತ್ತೆ ಕಸಬರಿಗೆ ತರಲು ಒಳಗೆ ಓಡಿದರು. ಲಿಂಡಾ ಆಂಟಿಯೋ ಅದರ ಬೆನ್ನು ಸವರುತ್ತ, ಈ ಸಲ ಚಳಿ ಜೋರಿರುವುದಿಲ್ಲ ಎಂದು ಭವಿಷ್ಯ ಹೇಳುತ್ತಿದ್ದರು. ಇಲ್ಲಿ ಇದಕ್ಕೆ ‘ವುಲಿ ಬೇರ್’, ಉಣ್ಣೆಯ ಕರಡಿ ಎನ್ನುತ್ತಾರೆ. ಎರಡೂ ತುದಿ ಕಪ್ಪು, ನಡುವೆ ಕಂದು ಪಟ್ಟಿ. ಕಂದು ಅಗಲವಾಗಿದ್ದರೆ ಚಳಿಗಾಲ ಹಿತವಾಗಿರುತ್ತದೆ, ಕಪ್ಪು ಹೆಚ್ಚಿದ್ದರೆ ಕಂಬಳಿ ತೆಗೆದಿಟ್ಟುಕೊಳ್ಳಬೇಕು. ಮೈಮೇಲೆ ಬಿದ್ದರೆ ದದ್ದು ಏಳಿಸುವ ಹುಳು ಇಲ್ಲಿ ಪಂಚಾಂಗ ಹೇಳುತ್ತದೆ ಎಂದರೆ ನಂಬುವುದು ಹೇಗೆ?

ಆಸ್ಟಿನ್ನಿನ ಉತ್ತರಕ್ಕಿರುವ ಈ ಲಿಯಾಂಡರ್‌ಗೆ ಅತ್ತೆ ನಮ್ಮ ಜೊತೆ ಇರಲೆಂದು ವಿಜಯಪುರದಿಂದ ಬಂದದ್ದು ಅದೇ ವರ್ಷ. ಅಲ್ಲಿ ಅವರೇ ಓಣಿಯ ಹವಾಮಾನ ಇಲಾಖೆ. ಇರುವೆ ತತ್ತಿ ಹೊತ್ತು ಗೋಡೆ ಏರಿದರೆ, ಗುಬ್ಬಿ ಮಣ್ಣಿನಲ್ಲಿ ಹೊರಳಿದರೆ ಅವರಿಗೆ ಮಳೆಯ ಸುಳಿವು ಸಿಗುತ್ತಿತ್ತು. ಅವರನ್ನು ಕೇಳದೆ ಅಕ್ಕಪಕ್ಕದ ಹೆಂಗಸರು ಮಾಳಿಗೆಯ ಮೇಲೆ ಏನನ್ನೂ ಒಣಹಾಕುತ್ತಿರಲಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಮಳೆ ಬರುತ್ತದೆ ಎಂದರು, ಬಿಸಿಲು ಸುಟ್ಟಿತು. ಬಿಸಿಲು ಎಂದ ದಿನ ಆಲಿಕಲ್ಲು ಬಿದ್ದು ಕಾರಿನ ಗಾಜು ಬಿರುಕು ಬಿಟ್ಟಿತು. “ಇಲ್ಲಿ ಇರುವಿಗೂ ನನ್ನ ಭಾಷಾ ತಿಳಿಯೂದಿಲ್ಲವಾ” ಎಂದು ನಕ್ಕರು. ಆಮೇಲೆ ಆಕಾಶದ ಕಡೆ ತಲೆ ಎತ್ತುವುದನ್ನೇ ಬಿಟ್ಟರು. ಮಗಳು ಈಶಾ ಅಜ್ಜಿಯ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, ಫೋನಿನಲ್ಲೇ ಎಲ್ಲ ಬರುತ್ತಲ್ಲ ಎನ್ನುತ್ತಿದ್ದಳು. ಅವಳ ತಪ್ಪೇನಿಲ್ಲ. ಆದರೆ ಯಾರೂ ಏನೂ ಕೇಳದ ಊರಿನಲ್ಲಿ ಅತ್ತೆ ದಿನದಿನಕ್ಕೆ ಸಣ್ಣಗಾಗುತ್ತಿರುವುದು ನನ್ನ ಕಣ್ಣಿಗೆ ಬೀಳುತ್ತಿತ್ತು, ಸಂಕಟವಾಗುತ್ತಿತ್ತು.

ಅವರನ್ನು ಮತ್ತೆ ಹೊರಗೆ ಎಳೆದದ್ದು ಆ ಹುಳುವೇ. ಅದು ಹೇಳುವುದು ನಿಜವೋ ಸುಳ್ಳೋ ಎಂದು ದಿನಾ ಬೇಲಿಯ ಹತ್ತಿರ ಇಬ್ಬರ ಸಭೆ. ಮೊದಮೊದಲು ಈಶಾ ಗೊಣಗುತ್ತ ದುಭಾಷಿಯಾದಳು, ಆಮೇಲೆ ಕೈಸನ್ನೆಯೇ ಸಾಕಾಯಿತು. ಬೆಚ್ಚಗಿನ ದಿನದಲ್ಲಿ ಉತ್ತರದಿಂದ ಏಕಾಏಕಿ ನುಗ್ಗುವ ಕೊರೆವ ಗಾಳಿಗೆ ಇಲ್ಲಿಯವರು ‘ಬ್ಲೂ ನಾರ್ದರ್’ ಎನ್ನುತ್ತಾರೆಂದು ಲಿಂಡಾ ಆಂಟಿ ಕಲಿಸಿದರು. ಅದು ಬರುವ ಮುಂಚೆ ಬಾನಂಚು ಕಡುನೀಲಿಯಾಗುತ್ತದಂತೆ. ಹುಳುವನ್ನು ಮಾತ್ರ ಅತ್ತೆ ಕೊನೆಗೂ ಒಪ್ಪಲಿಲ್ಲ. “ಅದರ ಬಣ್ಣ ಹಿಂದ ತಿಂದು ಉಂಡದ್ದು ಹೇಳ್ತದ, ಬರೂದು ಹ್ಯಾಂಗ ಹೇಳ್ತದ?” ಎಂದುಬಿಟ್ಟರು.

ಜನವರಿಯ ಒಂದು ಮಧ್ಯಾಹ್ನ ಅರ್ಧ ತೋಳಿನ ಅಂಗಿ ಹಾಕಿಕೊಳ್ಳುವಷ್ಟು ಸೆಕೆ. ಹಿತ್ತಿಲಿನಲ್ಲಿ ಹ್ಯೂಸ್ಟನ್ನಿನ ಗೆಳತಿ ಕೊಟ್ಟ ಕರಿಬೇವಿನ ಕುಂಡವಿತ್ತು. ಹ್ಯೂಸ್ಟನ್ನಿನಲ್ಲಿ ಆ ಗಿಡ ಚಳಿಗಾಲವನ್ನೂ ಹೇಗೋ ಹೊರಗೇ ಕಳೆಯುತ್ತದೆ, ಇಲ್ಲಿ ಒಂದೇ ರಾತ್ರಿಯ ಹಿಮಕ್ಕೆ ಕರಕಲಾಗುತ್ತದೆ. ಅತ್ತೆ ಬಹಳ ಹೊತ್ತು ಉತ್ತರಕ್ಕೆ ಮುಖ ಮಾಡಿ ನಿಂತವರು, “ಹಕ್ಕಿ ಸಪ್ಪಳಿಲ್ಲ, ಗಾಳಿ ಉಸರ ಹಿಡದದ. ಗಿಡಾ ಒಳಗ ತಗೋಳೂಣು” ಎಂದರು. ಚಳಿ ನಾಡಿದ್ದು ಎಂದು ಫೋನ್ ತೋರಿಸುತ್ತಿತ್ತು. ಶನಿವಾರ ನೋಡೋಣ ಎಂದು ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನಾನೂ ಅತ್ತೆಯೂ ಸೇರಿ ಕುಂಡವನ್ನು ಗ್ಯಾರೇಜಿಗೆ ಎಳೆದೆವು. ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಒಯ್ದು ಲಿಂಡಾ ಆಂಟಿಯ ನಿಂಬೆಗಿಡಕ್ಕೆ ಸುತ್ತಿ ಬಂದರು. ಸಂಜೆಗೆ ಗಾಳಿ ತಿರುಗಿತು. ಬೆಳಿಗ್ಗೆ ನಲ್ಲಿಯ ಬಾಯಲ್ಲಿ ಮಂಜುಗಡ್ಡೆ ಜೋತು ಬಿದ್ದಿತ್ತು.

ನಿಂಬೆಗಿಡ ಉಳಿಯಿತು. ಅಂದಿನಿಂದ ಲಿಂಡಾ ಆಂಟಿ ಗಿಡ ಹೊರಗಿಡುವ ಮುಂಚೆ ಅತ್ತೆಯ ಮುಖ ನೋಡುತ್ತಾರೆ. ಡಲ್ಲಾಸ್ ಕಡೆ ಪ್ರಾಸ್ಪರ್‌ನಲ್ಲಿರುವ ನಾದಿನಿ, ಅಮ್ಮ ಏನಂತಾರೆ ಎಂದು ಫೋನ್ ಮಾಡುತ್ತಾಳೆ. ಅತ್ತೆಯ ನಡಿಗೆಯೇ ಬೇರೆಯಾಯಿತು, ನನಗೂ ಈ ಮನೆ ಮೊದಲ ಸಲ ನಮ್ಮದು ಅನ್ನಿಸಿತು.

ಮೇ ತಿಂಗಳ ಒಂದು ಸಂಜೆ ವಿಜಯಪುರದಿಂದ ಅತ್ತೆಯ ತಂಗಿ ಶಾಂತಾ ಫೋನ್ ಮಾಡಿದರು. ನಮ್ಮ ಸಂಜೆ ಅವರಿಗೆ ಮರುದಿನದ ಬೆಳಗು. ಸಂಡಿಗೆಯ ಹಿಟ್ಟು ಒಲೆಗೆ ಇಡಬೇಕು, ಇವತ್ತು ಮಳೆ ಬಂದೀತೇನು ಎಂದು ಅಕ್ಕನನ್ನು ಕೇಳಿದರು. ಅತ್ತೆ ಫೋನ್ ಹಿಡಿದುಕೊಂಡೇ ಕಿಟಕಿಗೆ ಹೋಗಿ ಆಕಾಶ ನೋಡಿದರು.

“ಇವತ್ತ ಬ್ಯಾಡ. ಪಡುವಣಕ್ಕ ಮೋಡ ಕಟ್ಟೇದ.”

“ಆತಕ್ಕಾ, ಹಂಗಾರ ನಾಳೆ ಮಾಡ್ತೀನಿ” ಎಂದು ತಂಗಿ ಮರುಮಾತಿಲ್ಲದೆ ಫೋನ್ ಇಟ್ಟರು.

ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಹೊರಗೆ ಲಿಯಾಂಡರಿನ ಮೋಡ ಕಪ್ಪಾಗುತ್ತಿತ್ತು. ಅವರು ನನ್ನತ್ತ ತಿರುಗಿದಾಗ ಆ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ. ಮತ್ತೆ ಫೋನ್ ಹಚ್ಚಿಕೊಡು ಎಂದರು.

“ಶಾಂತಾ, ನೀನ ಅಂಗಳಕ್ಕ ಹೋಗಿ ನೋಡು. ಇನ್ನ ಮ್ಯಾಲ ನೀನ ನೋಡಕೋಬೇಕು. ಅಲ್ಲಿದು ನನಗ ಕಾಣವಲ್ದು.”